ಪೂರ್ವಪಕ್ಷವನ್ನು ಕೇಳುವ ಸಹನೆ

ಮಠಕ್ಕೆ ಬರುವ ಭಕ್ತರು ತಮ್ಮೊಡನೆ ತರುವ ವ್ಯಾಜ್ಯಗಳು ಬಗೆಬಗೆಯವು. ಅಣ್ಣತಮ್ಮಂದಿರ ಪಾಲು, ಹೊಲದ ಬದು, ಹಿತ್ತಿಲ ಗೋಡೆ, ಬೀಗರ ಮುನಿಸು ಮುಂತಾದವನ್ನು ಕೇಳಿ, ಇಬ್ಬರನ್ನೂ ಎದುರುಬದುರು ಕೂರಿಸಿ, ನಾಲ್ಕು ಹಿತನುಡಿಗಳನ್ನಾಡಿ ಕಳುಹಿಸುವುದು ಪೀಠದ ಮೇಲೆ ಕುಳಿತವರಿಗೆ ಹಿಂದಿನಿಂದಲೂ ನಡೆದುಬಂದ ಕರ್ತವ್ಯ. ಇಂತಹ ವ್ಯಾಜ್ಯಗಳನ್ನು ಅಳೆಯುವುದಕ್ಕೆ ಹಗ್ಗವಿದೆ, ಕಾಗದವಿದೆ, ಊರ ಹಿರಿಯರ ಸಾಕ್ಷಿಯಿದೆ. ಆದರೆ ರಾಜಕೀಯದ ವಿಚಾರವಾಗಿ ಇಬ್ಬರು ಸಜ್ಜನರು ಮನಸ್ಸು ಕೆಡಿಸಿಕೊಂಡು ಬಂದಾಗ ಅಳೆಯುವ ಹಗ್ಗ ಯಾವುದು? ಈ ಪ್ರಶ್ನೆ ನಮಗೆ ಎದುರಾದದ್ದು ೨೦೨೨ನೆಯ ಇಸವಿಯ ಶ್ರಾವಣ ಮಾಸದಲ್ಲಿ. ಸಂಬಂಧಪಟ್ಟ ಇಬ್ಬರ ಒಪ್ಪಿಗೆಯನ್ನೂ ಪಡೆದು, ಅವರ ಹೆಸರು ಊರುಗಳನ್ನು ಬಿಟ್ಟು, ನಡೆದುದನ್ನು ನಡೆದಂತೆ ಇಲ್ಲಿ ನಿವೇದಿಸುತ್ತಿದ್ದೇವೆ.

ಅಂದು ಸಂಜೆಯ ಪುರಾಣ ಮುಗಿದು, ಮಂಗಳಾರತಿಯಾಗಿ, ಜನರು ಚದುರಿದ್ದರು. ಒಬ್ಬ ಗೌಡರು ಮಾತ್ರ ಕಂಬಕ್ಕೆ ಒರಗಿ ನಿಂತೇ ಇದ್ದರು. ಐವತ್ತು ದಾಟಿದ ವಯಸ್ಸು, ಮಿತಭಾಷಿಗಳು, ಮಠದ ಪ್ರಸಾದನಿಲಯಕ್ಕೆ ವರ್ಷವರ್ಷವೂ ಜೋಳ ಕಳುಹಿಸುವವರು, ನಮ್ಮ ಪ್ರೌಢಶಾಲೆಯ ಒಂದು ಕೋಣೆಗೆ ಧನಸಹಾಯ ಮಾಡಿದವರು. ಅವರ ಮಗ ಅದೇ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ. ಹತ್ತಿರ ಕರೆದು ಕೇಳಿದೆವು.

"ಅಜ್ಜಾರ, ನಾನು ಜಗಳಕ್ಕ ಬಂದಿಲ್ಲರಿ. ಆದರ ಮನ್ಯಾಗ ಮೂರು ದಿನದಿಂದ ಸಮಾಧಾನ ಇಲ್ಲ. ಸಮಾಜ ವಿಜ್ಞಾನದ ಮಾಸ್ತರ್ರು ಕ್ಲಾಸಿನ್ಯಾಗ ಟೆನೆನ್ಸಿ ಕಾಯ್ದೆ ಪಾಠ ಮಾಡ್ಯಾರ. ಹೊಲಾ ಕಳಕೊಂಡವರೆಲ್ಲಾ ಬ್ಯಾರೆಯವರ ದುಡಿತ ಕುಂತು ಉಂಡವರು ಅಂತ ಹೇಳ್ಯಾರ. ಹುಡುಗ ಮನಿಗೆ ಬಂದು ನಮ್ಮವ್ವಗ ಕೇಳ್ಯಾನ್ರಿ, 'ಅಮ್ಮಾ, ನಾವು ಮಂದಿ ದುಡಿದದ್ದು ಕುಂತು ತಿಂದವರೇನು?' ಅಂತ. ನಮ್ಮವ್ವ ಆ ಹೊತ್ತು ಊಟಾ ಮಾಡಲಿಲ್ಲ."

ಅನಂತರ ಅವರು ಕೇಳಿಕೊಂಡದ್ದು ಇಷ್ಟು: ಆ ಶಿಕ್ಷಕರು ಒಂದು ಪಕ್ಷದ ರಾಜಕೀಯವನ್ನು ಮಕ್ಕಳ ತಲೆಗೆ ತುಂಬುತ್ತಿದ್ದಾರೆ, ೨೦೨೦ರಲ್ಲಿ ಆದ ತಿದ್ದುಪಡಿಯನ್ನೂ ತರಗತಿಯಲ್ಲಿ ಹೀಗಳೆದಿದ್ದಾರೆ, ಮಠದ ಸಂಸ್ಥೆಗೆ ಬೇರೆ ಊರುಗಳಲ್ಲಿಯೂ ಶಾಲೆಗಳುಂಟು, ಆದ್ದರಿಂದ ಅವರನ್ನು ಅಲ್ಲಿಗೆ ಕಳುಹಿಸಬೇಕು.

"ವಿಚಾರ ಮಾಡೋಣ" ಎಂದು ಹೇಳಿ ಗೌಡರನ್ನು ಕಳುಹಿಸಿದೆವು. ಇಲ್ಲಿ ಒಂದು ತಪ್ಪೊಪ್ಪಿಗೆಯನ್ನು ಮುಚ್ಚಿಡದೆ ಹೇಳಬೇಕಾಗಿದೆ. ಅಂದು ರಾತ್ರಿ ನಾವು ವರ್ಗಾವಣೆಯ ಕಾಗದವನ್ನು ಬರೆಯಲು ಲೇಖನಿ ಎತ್ತಿದ್ದೆವು. ಒಂದು ಸಹಿಯಲ್ಲಿ ಎಲ್ಲವೂ ಮುಗಿದುಹೋಗುತ್ತಿತ್ತು. ಗೌಡರು ಸಂತುಷ್ಟರಾಗುತ್ತಿದ್ದರು, ಜೋಳ ಎಂದಿನಂತೆ ಬರುತ್ತಿತ್ತು, ಶಿಕ್ಷಕರು ಮರುಮಾತಾಡದೆ ಹೋಗುತ್ತಿದ್ದರು. ಹೀಗೆ ಮುಗಿಯುವುದು ಅಷ್ಟು ಸುಲಭವೆಂಬುದೇ ನಮ್ಮ ಕೈಯನ್ನು ಹಿಡಿದು ನಿಲ್ಲಿಸಿತು. ನಾವು ನ್ಯಾಯವನ್ನು ನೋಡುತ್ತಿದ್ದೇವೆಯೋ, ಜೋಳದ ಚೀಲಗಳನ್ನು ನೋಡುತ್ತಿದ್ದೇವೆಯೋ?

ಮತ್ತೊಂದು ಸಂಗತಿಯೂ ಆಗ ನೆನಪಿಗೆ ಬಂದಿತು. ವ್ಯಾಜ್ಯಕ್ಕೆ ಮೂಲವಾದ ಆ ಕಾಯ್ದೆಯಲ್ಲಿ ನಮ್ಮ ಮಠವೂ ಭೂಮಿಯನ್ನು ಕಳೆದುಕೊಂಡಿತ್ತು. ಕಿರಿಯ ಓದುಗರಿಗಾಗಿ ಅದರ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ೧೯೬೧ರ ಭೂಸುಧಾರಣಾ ಕಾಯ್ದೆಗೆ ಶ್ರೀ ಡಿ. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದಿತು. ಅಂದಿನಿಂದ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ನಮೂನೆ ೭ರಲ್ಲಿ ಅರ್ಜಿ ಹಾಕಿ, ತಾಲೂಕಿನ ಭೂನ್ಯಾಯ ಮಂಡಳಿಯ ಮುಂದೆ ತಾನೇ ಸಾಗುವಳಿದಾರನೆಂದು ತೋರಿಸಿದರೆ ಆ ಭೂಮಿಯ ಹಕ್ಕು ಅವನಿಗೆ ಬರುತ್ತಿತ್ತು. ಮಂಡಳಿಯ ಮುಂದೆ ವಕೀಲರಿಗೆ ಮೊದಲಲ್ಲಿ ಅವಕಾಶವಿರಲಿಲ್ಲ. ರೈತನೇ ನಿಂತು ತನ್ನ ಮಾತನ್ನು ಹೇಳಬೇಕಾಗಿತ್ತು. ರಾಜ್ಯದಲ್ಲಿ ಸುಮಾರು ೮ ಲಕ್ಷ ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚಿನವು ಗೇಣಿದಾರರ ಪರವಾಗಿ ತೀರ್ಮಾನವಾದವು. ಮಠಮಾನ್ಯಗಳ ಗೇಣಿಭೂಮಿಯೂ ಇದೇ ರೀತಿ ಹೋಯಿತು. ಅದರ ಬದಲಿಗೆ ಸರ್ಕಾರದಿಂದ ವರ್ಷಾಶನ ಗೊತ್ತಾಯಿತು.

ನಮ್ಮ ಮಠವೂ ಮಂಡಳಿಯ ಮುಂದೆ ತಕರಾರು ಸಲ್ಲಿಸಿತ್ತು, ಸೋತಿತ್ತು. ಬಾಲ್ಯದಲ್ಲಿ ಮರಿಯಾಗಿ ಮಠಕ್ಕೆ ಬಂದ ನಾವು, "ಸರ್ಕಾರ ಮಠದ ಅನ್ನವನ್ನು ಕಸಿಯಿತು" ಎಂಬ ಮಾತನ್ನು ಪಡಸಾಲೆಯಲ್ಲಿ ಎಷ್ಟೋ ಬಾರಿ ಕೇಳಿಕೊಂಡೇ ಬೆಳೆದವರು. ಗೌಡರು ತಮ್ಮ ನೋವನ್ನು ತೋಡಿಕೊಂಡಾಗ ನಮ್ಮ ಮನಸ್ಸು ಅಷ್ಟು ಬೇಗ ಅವರ ಕಡೆಗೆ ಏಕೆ ವಾಲಿತೆಂಬುದು ಆಗ ತಿಳಿಯಿತು. ತಕ್ಕಡಿ ಹಿಡಿಯುವವನ ಬೆರಳು ತಟ್ಟೆಗೆ ತಾಗುತ್ತಿರುವುದು ಅವನಿಗೇ ಕಾಣದಿದ್ದರೆ ತೂಕ ಸರಿಯಾಗುವುದೆಂತು?

ಲೇಖನಿಯನ್ನು ಕೆಳಗಿಟ್ಟು ಕುಳಿತಾಗ ಕಾಶಿಯಲ್ಲಿ ನ್ಯಾಯಶಾಸ್ತ್ರವನ್ನು ಓದಿದ ದಿನಗಳು ನೆನಪಾದವು. ಗೌತಮರ ನ್ಯಾಯಸೂತ್ರಗಳು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸುತ್ತವೆ. ಸತ್ಯವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಇನ್ನೊಬ್ಬನದನ್ನು ಕೆಡವುವುದಷ್ಟೇ ವಿತಂಡ. ವಾದಕ್ಕೆ ಕುಳಿತವನು ಮೊದಲು ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ಮತವನ್ನು, ಅದರ ಪೂರ್ಣಬಲದೊಡನೆ ಹೇಳಬೇಕು, ಆಮೇಲೆಯೇ ಸಿದ್ಧಾಂತ. ನಮ್ಮ ಗುರುಗಳು ಪೂರ್ವಪಕ್ಷವನ್ನು ಸಡಿಲವಾಗಿ ಹೇಳಿದ ವಿದ್ಯಾರ್ಥಿಯ ಸಿದ್ಧಾಂತವನ್ನು ಕೇಳುತ್ತಲೇ ಇರಲಿಲ್ಲ. ಮುಂದೆ ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುವಾಗ ಪಾಶ್ಚಾತ್ಯ ಗ್ರಂಥಗಳಲ್ಲಿಯೂ ಇದೇ ಶಿಸ್ತನ್ನು ಬೇರೆ ಹೆಸರಿನಿಂದ ಕಂಡೆವು. ನಮ್ಮ ಶೂನ್ಯಸಂಪಾದನೆಯಂತೂ ಶರಣರ ಸಂವಾದದ ರೂಪದಲ್ಲಿಯೇ ಇರುವ ಗ್ರಂಥ. ಇಷ್ಟೆಲ್ಲ ಓದಿದವರು ಒಂದು ಶಾಲೆಯ ವ್ಯಾಜ್ಯವನ್ನು ಸಹಿಯಿಂದ ಮುಗಿಸಹೊರಟೆವಲ್ಲ ಎಂದು ನಾಚಿಕೆಯಾಯಿತು.

ಮರುದಿನ ಶಿಕ್ಷಕರಿಗೆ ಹೇಳಿಕಳುಹಿಸಿದೆವು. ಅವರು ನಲವತ್ತೈದರ ಆಸುಪಾಸಿನವರು. ಹದಿನೆಂಟು ವರ್ಷಗಳಿಂದ ನಮ್ಮ ಶಾಲೆಯಲ್ಲಿ ನಿಷ್ಠೆಯಿಂದ ದುಡಿದವರು. ಗೌಡರು ಬಂದಿದ್ದ ಸುದ್ದಿ ಅವರಿಗೆ ಆಗಲೇ ತಲುಪಿತ್ತು. "ಅಜ್ಜಾರ, ವರ್ಗಾವಣೆ ಮಾಡಿದರ ಹೋಗ್ತೀನಿ. ಆದರ ತಪ್ಪು ಪಾಠ ಮಾಡೀನಿ ಅಂತ ಬರಕೊಡಾಂಗಿಲ್ಲರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಗಟ್ಟಿತನವಿತ್ತು. ಭಾನುವಾರ ಬೆಳಿಗ್ಗೆ ಮಠಕ್ಕೆ ಬರಬೇಕೆಂದು ಅವರಿಗೂ ಗೌಡರಿಗೂ ತಿಳಿಸಿದೆವು.

ಭಾನುವಾರ ಪಡಸಾಲೆಯಲ್ಲಿ ಒಂದೇ ಕಂಬಳಿಯ ಮೇಲೆ ಇಬ್ಬರೂ ಕುಳಿತರು. ನಾವು ಪೀಠವನ್ನು ಬಿಟ್ಟು ಕೆಳಗೆ ಕುಳಿತೆವು. ಮಾತಿಗೆ ಮೊದಲು ನಮ್ಮ ವಿಷಯವನ್ನು ಹೇಳಿಬಿಟ್ಟೆವು: "ಈ ಕಾಯ್ದೆಯಲ್ಲಿ ಮಠದ ಭೂಮಿಯೂ ಹೋಗಿದೆ. ಗೌಡರ ಜೋಳವನ್ನು ಮಠದ ಮಕ್ಕಳು ಉಣ್ಣುತ್ತಾರೆ. ಮಾಸ್ತರರ ಸಂಬಳದ ಕಾಗದದ ಮೇಲೆ ನಮ್ಮ ಸಂಸ್ಥೆಯ ಹೆಸರಿದೆ. ಆದ್ದರಿಂದ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಒಂದು ನಿಯಮವನ್ನು ಮಾತ್ರ ಇಡುತ್ತೇವೆ. ಗೌಡರು ಮಾಸ್ತರರ ಮಾತನ್ನು ಹೇಳಬೇಕು. ಮಾಸ್ತರರು ಗೌಡರ ಮಾತನ್ನು ಹೇಳಬೇಕು. 'ಹೌದು, ಇದೇ ನನ್ನ ಮಾತು' ಎಂದು ಎದುರಿನವರು ಒಪ್ಪುವವರೆಗೆ ಯಾರೂ ತಮ್ಮ ವಾದವನ್ನು ಹೂಡುವಂತಿಲ್ಲ."

ಕೇಳಲು ಸರಳವಾದ ಈ ನಿಯಮ ನಡೆಸಲು ಎಷ್ಟು ಕಠಿಣವೆಂಬುದು ಕೂಡಲೇ ತಿಳಿಯಿತು. ಗೌಡರು ಮೊದಲು ಹೇಳಿದರು: "ಮಾಸ್ತರ್ರಿಗೆ ಹೊಲ ಇದ್ದವರ ಮ್ಯಾಲೆ ಸಿಟ್ಟು ಐತ್ರಿ." ಶಿಕ್ಷಕರು ತಲೆಯಲ್ಲಾಡಿಸಿದರು. "ಅಲ್ಲರಿ ಗೌಡ್ರ, ಅದು ನನ್ನ ಮಾತಲ್ಲ." ಶಿಕ್ಷಕರು ಹೇಳಿದರು: "ಗೌಡ್ರಿಗೆ ಹೊಲ ಹೋದ ದುಃಖ ಇನ್ನೂ ಆರಿಲ್ಲರಿ." ಗೌಡರ ಮುಖ ಕೆಂಪಾಯಿತು. "ದುಃಖ ಅಲ್ಲರಿ ಸರ್, ಮಾನ. ಹೊಲ ಹೋಗಿ ಐವತ್ತು ವರ್ಷ ಆಗಾಕ ಬಂತು. ಅದನ್ನ ಕೇಳಾಕ ನಾ ಬಂದಿಲ್ಲ."

ಇಬ್ಬರೂ ಇನ್ನೊಬ್ಬರ ಮನೋಭಾವವನ್ನು ಊಹಿಸುತ್ತಿದ್ದರೇ ಹೊರತು ಮಾತನ್ನು ಹೇಳುತ್ತಿರಲಿಲ್ಲ. ಊಹೆಗೆ ಬೇಕಾದುದು ಅನುಮಾನ. ಪೂರ್ವಪಕ್ಷಕ್ಕೆ ಬೇಕಾದುದು ಅರಿವು. ಅರಿಯಬೇಕಾದರೆ ಕೇಳಬೇಕು. ಕೊನೆಗೆ ಗೌಡರೇ ಕೇಳಿದರು: "ಸರ್, ನಿಮ್ಮ ಮನ್ಯಾಗ ಯಾರರ ಡಿಕ್ಲರೇಶನ್ ಹಾಕಿದ್ರೇನು?"

ಆಗ ಶಿಕ್ಷಕರು ಮೊದಲ ಬಾರಿಗೆ ತಮ್ಮ ಮನೆಯ ಕಥೆಯನ್ನು ಹೇಳಿದರು. ಅವರ ಅಜ್ಜ ಮೂವತ್ತು ವರ್ಷ ಒಬ್ಬರ ಹೊಲವನ್ನು ಪಾಲಿಗೆ ಮಾಡಿದವರು. ಗೇಣಿ ಕೊಟ್ಟದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಉತಾರದಲ್ಲಿ ಹೆಸರೂ ಇರಲಿಲ್ಲ. ಕಾಯ್ದೆ ಬರುತ್ತದೆಂಬ ಸುದ್ದಿ ಹಬ್ಬಿದಾಗ ಹೊಲ ಬಿಡೆಂದು ಒತ್ತಾಯ ಬಂದಿತು, ಅವರು ಬಿಡಲಿಲ್ಲ. ಮಂಡಳಿಯ ಮುಂದೆ ನೆರೆಹೊಲದವರು ನಿಜ ಹೇಳಿದ್ದರಿಂದ ನಾಲ್ಕು ಎಕರೆಯ ಹಕ್ಕು ಬಂದಿತು. "ಆ ನಾಕು ಎಕರೆ ನನಗ ಬಿ.ಎಡ್. ತನಕ ಓದಿಸೇತ್ರಿ ಗೌಡ್ರ. ಆ ಪಾಠ ಮಾಡುವಾಗ ನನ್ನ ದನಿ ಏರಿದ್ದು ಖರೆ. ನಮ್ಮ ಅಜ್ಜನ ಮುಖ ಕಣ್ಣ ಮುಂದ ಬರ್ತದ."

ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಕಥೆಯನ್ನು ಹೇಳಿದರು. ಅವರ ತಂದೆ ೧೯೭೨ರಲ್ಲಿ ತೀರಿಕೊಂಡಾಗ ಗೌಡರು ಕೂಸು; ತಾಯಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಎತ್ತುಗಳನ್ನು ಮಾರಿ ಸಾಲ ತೀರಿಸಿ, ಉಳಿದ ಹನ್ನೊಂದು ಎಕರೆಯನ್ನು ಮಗ ದೊಡ್ಡವನಾಗುವವರೆಗೆ ಎಂದು ಅದೇ ಊರಿನವರೊಬ್ಬರಿಗೆ ಲಾವಣಿಗೆ ಕೊಟ್ಟರು. ಎರಡು ಸುಗ್ಗಿಗಳಾಗುವಷ್ಟರಲ್ಲಿ ಕಾಯ್ದೆ ಬಂದಿತು. ಸೈನಿಕರ ಹಾಗೂ ನಾವಿಕರ ಭೂಮಿಗೆ ಕಾಯ್ದೆಯಲ್ಲಿ ವಿನಾಯಿತಿ ಇತ್ತು, ವಿಧವೆಗೆ ಇರಲಿಲ್ಲ. ಮೂವತ್ತು ವರ್ಷ ಉತ್ತವನಿಗೂ ಎರಡು ವರ್ಷ ಉತ್ತವನಿಗೂ ಅಲ್ಲಿ ಭೇದವಿರಲಿಲ್ಲ. ಆ ತಾಯಿ ಕೂಸನ್ನು ಬದುವಿನ ಮೇಲೆ ಮಲಗಿಸಿ, ಬೇರೆಯವರ ಹೊಲದಲ್ಲಿ ಕಳೆ ತೆಗೆದು ಮಗನನ್ನು ಬೆಳೆಸಿದರು. "ಈಗ ಇರೋ ಹೊಲ ನಾ ದುಡಿದು ಕೊಂಡದ್ದು ಸರ್. 'ಕುಂತು ಉಂಡವರು' ಅನ್ನೋ ಮಾತು ನಮ್ಮವ್ವನ ಕಿವಿಗೆ ಬಿತ್ತು. ಅದಕ್ಕ ನಾ ಬಂದೆ."

ಪಡಸಾಲೆಯಲ್ಲಿ ಮೌನ ಆವರಿಸಿತು. ಅನಂತರ ಶಿಕ್ಷಕರು ನಿಧಾನವಾಗಿ ಗೌಡರ ಪಕ್ಷವನ್ನು ಹೇಳಿದರು: "ಕಾಯ್ದೆಯ ಉದ್ದೇಶ ಒಳ್ಳೆಯದಿರಬಹುದು. ಆದರೆ ದೊಡ್ಡ ಭೂಮಾಲೀಕರನ್ನೂ ದಿಕ್ಕಿಲ್ಲದ ಹೆಣ್ಣುಮಗಳನ್ನೂ ಅದು ಒಂದೇ ಹಗ್ಗದಲ್ಲಿ ಅಳೆಯಿತು. ಕೊಟ್ಟ ಪರಿಹಾರ ಅಂದಿನ ಪೇಟೆಯ ದರದ ಮುಂದೆ ಏನೂ ಅಲ್ಲ. ಹಾಗೆ ಕಳೆದುಕೊಂಡವರನ್ನು ಶೋಷಕರೆಂದು ಅವರ ಮೊಮ್ಮಕ್ಕಳ ಮುಂದೆ ಕರೆಯುವುದು ಎರಡನೆಯ ಅನ್ಯಾಯ." ಗೌಡರು ಹೇಳಿದರು: "ಹೌದ್ರಿ, ಇದೇ ನನ್ನ ಮಾತು."

ಗೌಡರು ಶಿಕ್ಷಕರ ಪಕ್ಷವನ್ನು ಹೇಳಿದರು: "ಉತ್ತವನ ಹೆಸರು ಎಲ್ಲಿಯೂ ಇರಲಿಲ್ಲ. ಸಾಗರ ತಾಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ರೈತರು ಸತ್ಯಾಗ್ರಹ ಮಾಡಿದ್ದು ಗೇಣಿ ಅಳೆಯುವ ಕೊಳಗದ ಅನ್ಯಾಯಕ್ಕಾಗಿ. ಬರಿಯ ಹಿತನುಡಿಯಿಂದ ಯಾರೂ ಹೊಲ ಬಿಟ್ಟುಕೊಡುತ್ತಿರಲಿಲ್ಲ, ಕಾಯ್ದೆಯೇ ಬೇಕಾಗಿತ್ತು. ಕಾಯ್ದೆಗೆ ಒಬ್ಬೊಬ್ಬರ ಮನೆಯ ಕಥೆ ಕೇಳುತ್ತ ಕೂರಲು ಬರುವುದಿಲ್ಲ. ಬಡವನ ಮೊಮ್ಮಗ ಮಾಸ್ತರನಾದದ್ದು ಅದರಿಂದ." ಕೊಳಗದ ವಿಷಯ ತಮಗೆ ಹೇಗೆ ಗೊತ್ತೆಂದು ಶಿಕ್ಷಕರು ಅಚ್ಚರಿಪಟ್ಟಾಗ ಗೌಡರು, "ಮಗನ ನೋಟ್‌ಬುಕ್ ಓದೀನ್ರಿ, ನೀವೇ ಬರಸೀರಿ" ಎಂದರು. ಆಗ ಇಬ್ಬರೂ ನಕ್ಕರು.

ನಕ್ಕ ಮಾತ್ರಕ್ಕೆ ಭಿನ್ನಾಭಿಪ್ರಾಯ ಕರಗಿತೆಂದು ಭಾವಿಸಬಾರದು. ನಿಜವಾದ ವಾದ ಪ್ರಾರಂಭವಾದದ್ದೇ ಆಗ. ಶಿಕ್ಷಕರು ಕೇಳಿದರು: "ಗೌಡ್ರ, ಶಿಕ್ಷಕನಿಗೆ ತನ್ನ ಅಭಿಪ್ರಾಯ ಇರಬಾರದೇನು?"

ಗೌಡರ ಉತ್ತರವನ್ನು ನಮ್ಮ ಸಂಸ್ಥೆಯ ಎಲ್ಲ ಶಿಕ್ಷಕರೂ ಕೇಳಬೇಕಾಗಿತ್ತು. "ಇರಲಿ ಸರ್, ಯಾಕಿರಬಾರದು? ನಿಮ್ಮ ಮಾತಿಗೆ ನಾ ಇಲ್ಲಿ 'ಇಲ್ಲ' ಅಂತೀನಿ, ನೀವು ಕೇಳ್ತೀರಿ. ಆದರ ಹದಿನೈದು ವರ್ಷದ ಹುಡುಗ ಎದ್ದು ನಿಂತು 'ಇಲ್ಲ ಸರ್' ಅನ್ನಾಕ ಆಗ್ತದೇನು? ಮಾರ್ಕ್ಸ್ ನಿಮ್ಮ ಕೈಯಾಗ ಅದಾವ."

ಶಿಕ್ಷಕರು ಒಪ್ಪಿದರು. ಆದರೆ ಅವರೂ ಒಂದು ಪ್ರಶ್ನೆಯನ್ನಿಟ್ಟರು: "ನನ್ನ ಕೈಯಾಗ ಮಾರ್ಕ್ಸ್ ಅದಾವ, ಖರೆ. ನಿಮ್ಮ ಕೈಯಾಗ ನನ್ನ ನೌಕರಿ ಇತ್ತಲ್ಲರಿ ಗೌಡ್ರ? ನನ್ನ ಕೇಳದ ಸೀದಾ ಅಜ್ಜಾರ ಹತ್ರ ಬಂದ್ರಿ. ಇವತ್ತು ನೀವು ಬೇಡ ಅಂದ್ರಿ ಅಂತ ಟೆನೆನ್ಸಿ ಪಾಠ ಬಿಟ್ಟರ, ಮುಂದಿನ ವರ್ಷ ಇನ್ನೊಬ್ಬ ಪಾಲಕರು ಇನ್ನೊಂದು ಪಾಠ ಬೇಡ ಅಂತಾರ. ಕಡೀಕ ಹುಡುಗರಿಗೆ ಏನು ಉಳೀತದ?"

ಗೌಡರು ತಲೆ ತಗ್ಗಿಸಿ, "ಅದು ನನ್ನ ತಪ್ಪರಿ ಸರ್. ಮೊದಲು ನಿಮ್ಮ ಮನಿಗೆ ಬರಬೇಕಾಗಿತ್ತು" ಎಂದರು. ಆ ಮಾತು ಅವರಿಗಷ್ಟೇ ಅಲ್ಲ, ನಮಗೂ ತಟ್ಟಿತು. ಪಾಲಕರು ಶಿಕ್ಷಕರನ್ನು ದಾಟಿ ನಮ್ಮಲ್ಲಿಗೆ ಬಂದಾಗ, "ಮೊದಲು ಅವರೊಡನೆ ಮಾತನಾಡಿದಿರಾ?" ಎಂಬ ಒಂದು ಪ್ರಶ್ನೆಯನ್ನು ನಾವು ಕೇಳಲಿಲ್ಲವಲ್ಲ!

೨೦೨೦ರ ತಿದ್ದುಪಡಿಯ ವಿಚಾರ ಬಂದಾಗ ಇಬ್ಬರೂ ತಮ್ಮ ತಮ್ಮ ನಿಲುವಿನಲ್ಲಿ ಅಚಲರಾಗಿಯೇ ಉಳಿದರು. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಬಾರದೆಂದು ಇದ್ದ ೭೯ಎ, ೭೯ಬಿ ಕಲಮುಗಳನ್ನು ಆ ವರ್ಷ ತೆಗೆದುಹಾಕಲಾಯಿತು. ಮಾರುವ ರೈತನಿಗೆ ನಾಲ್ಕು ಜನ ಗಿರಾಕಿಗಳು ಬಂದರೆ ಬೆಲೆ ಸಿಗುತ್ತದೆ, ತನ್ನ ಹೊಲವನ್ನು ಯಾರಿಗೆ ಮಾರಬೇಕೆಂಬುದು ಅವನ ಇಚ್ಛೆ ಎಂಬುದು ಗೌಡರ ಮತ. ಹಣವುಳ್ಳವರು ಹೊರಗಿನಿಂದ ಬಂದು ಕೊಂಡರೆ ಉಳುವವನು ಮತ್ತೆ ತನ್ನದೇ ಹೊಲದಲ್ಲಿ ಕೂಲಿಯಾಗುತ್ತಾನೆ ಎಂಬುದು ಶಿಕ್ಷಕರ ಭಯ. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲಿಲ್ಲ. ಒಪ್ಪಿಸಬೇಕೆಂದು ನಾವೂ ಹೇಳಲಿಲ್ಲ. ಆ ಭಾನುವಾರ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ, ಮಾತನಾಡುತ್ತಲೇ ಮಹಾದ್ವಾರದವರೆಗೆ ನಡೆದುಹೋದರು.

ಶಿಕ್ಷಕರು ವರ್ಗಾವಣೆಯಾಗಲಿಲ್ಲ. ಆ ಪಾಠವನ್ನು ಅವರು ಮತ್ತೊಮ್ಮೆ ಮಾಡಿದರೆಂದು ಮುಖ್ಯಾಧ್ಯಾಪಕರಿಂದ ತಿಳಿಯಿತು. ಅದಕ್ಕಿಂತ ಮೊದಲು ಅವರು ಗೌಡರ ಮನೆಗೆ ಹೋಗಿ ಆ ವೃದ್ಧ ತಾಯಿಯ ಕ್ಷಮೆ ಕೇಳಿದ್ದರು. ಆ ತಾಯಿ ಅವರಿಗೆ ರೊಟ್ಟಿ ಬಡಿಸಿ, "ನಿಮ್ಮ ಅಜ್ಜ ಯಾವೂರಾಗ ಹೊಲಾ ಮಾಡ್ತಿದ್ದರಪಾ?" ಎಂದು ಎಲ್ಲವನ್ನೂ ಕೇಳಿ ತಿಳಿದುಕೊಂಡರಂತೆ. ಅನಂತರ ಟ್ರಂಕಿನಿಂದ ಮಂಡಳಿಯ ಹಳೆಯ ನೋಟೀಸನ್ನು ತೆಗೆದುಕೊಟ್ಟು, "ಹುಡುಗರಿಗೆ ಇದನ್ನೂ ತೋರಸ್ರಿ" ಎಂದರಂತೆ. ತರಗತಿಯಲ್ಲಿ ಶಿಕ್ಷಕರು ಆ ನೋಟೀಸನ್ನೂ ತಮ್ಮ ಅಜ್ಜನ ಹಕ್ಕುಪತ್ರವನ್ನೂ ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟು ಮಕ್ಕಳಿಗೆ ಓದಲು ಹೇಳಿದರು. ಎರಡೂ ಒಂದೇ ಕಾಯ್ದೆಯ ಕಾಗದಗಳು. ಗೌಡರ ಮಗ ಮನೆಗೆ ಬಂದು, ಹಾಗಾದರೆ ಕಾಯ್ದೆ ಸರಿಯೋ ತಪ್ಪೋ ಎಂದು ಅಜ್ಜಿಯನ್ನು ಕೇಳಿದಾಗ ಆ ತಾಯಿ ಹೇಳಿದ ಮಾತನ್ನು ಗೌಡರು ನಮಗೆ ತಿಳಿಸಿದರು: "ನಮ್ಮ ಹೊಲ ಹೋದದ್ದೂ ಖರೆ, ಅವರಿಗೆ ಅನ್ನ ಸಿಕ್ಕದ್ದೂ ಖರೆ. ನೀ ದೊಡ್ಡವನಾಗು, ಎರಡೂ ನೆನಪಿಟಗೋ."

ಸದ್ಭಕ್ತರೇ, ಇಂದು ಮನೆಮನೆಯಲ್ಲಿಯೂ ರಾಜಕೀಯದ ಮಾತು ಏರುದನಿಯಲ್ಲಿ ನಡೆಯುತ್ತಿದೆ. ಇನ್ನೊಬ್ಬನ ಮಾತು ಬಾಯಿಂದ ಹೊರಡುವ ಮೊದಲೇ ಅವನು ಯಾವ ಪಕ್ಷದವನೆಂದು ತೀರ್ಮಾನಿಸಿಬಿಡುತ್ತೇವೆ. ಶಾಲೆಯ ವಿಷಯದಲ್ಲಿ ಇದರ ಪೆಟ್ಟು ಬೀಳುವುದು ಮಗುವಿಗೆ. ಹಗಲೆಲ್ಲ ಗುರುವಿನ ಮಾತನ್ನು ಕೇಳಿ, ರಾತ್ರಿ ತಂದೆಯಿಂದ ಗುರುವಿನ ನಿಂದೆಯನ್ನು ಕೇಳುವ ಮಗು ಇಬ್ಬರನ್ನೂ ಗೌರವಿಸುವುದನ್ನು ಮರೆಯುತ್ತದೆ. ಪಾಲಕರಲ್ಲಿ ನಮ್ಮ ಬಿನ್ನಹ: ತರಗತಿಯ ಮಾತಿನಿಂದ ಮನಸ್ಸು ನೊಂದರೆ ಮೊದಲು ಆ ಶಿಕ್ಷಕರ ಬಳಿಗೇ ಹೋಗಿರಿ. ಶಿಕ್ಷಕರಲ್ಲಿ ಬಿನ್ನಹ: ನಿಮ್ಮ ಸಿದ್ಧಾಂತ ನಿಮಗಿರಲಿ, ಆದರೆ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಕ್ಕಳ ಮುಂದಿಡಿರಿ, ಏಕೆಂದರೆ ಆ ಪಕ್ಷದ ಮನೆಯಿಂದ ಬಂದ ಮಗುವೊಂದು ಮಾತನಾಡಲಾರದೆ ಅಲ್ಲಿ ಕುಳಿತಿರಬಹುದು. ಸಂಸ್ಥೆಗಳನ್ನು ನಡೆಸುವ ನಮ್ಮಂಥವರಿಗೆ ನಾವೇ ಹೇಳಿಕೊಳ್ಳಬೇಕಾದುದು: ಸಹಿ ಹಾಕುವ ಮೊದಲು ನಮ್ಮ ಬೆರಳು ತಕ್ಕಡಿಯ ಯಾವ ತಟ್ಟೆಗೆ ತಾಗುತ್ತಿದೆಯೆಂದು ನೋಡಿಕೊಳ್ಳೋಣ.

ಆ ರಾತ್ರಿ ಬರೆಯದೇ ಉಳಿದ ಕಾಗದ ಇನ್ನೂ ನಮ್ಮ ಮೇಜಿನಲ್ಲಿದೆ. ಆಗಾಗ ತೆಗೆದು ನೋಡಿಕೊಳ್ಳುತ್ತೇವೆ. ಎಲ್ಲರಿಗೂ ಶುಭವಾಗಲಿ.